ಲಾರಿ ಚಾಲಕನ ಕೂಲಿ ಮತ್ತು ನಮ್ಮ ಮನೆಯ ಲೆಕ್ಕ

"ಹುಡುಗನಿಗೆ ಏನು ಕೆಲಸ?"

"ಲಾರಿ ಡ್ರೈವರ್."

ನಮ್ಮ ಹೆಚ್ಚಿನ ಮನೆಗಳಲ್ಲಿ ಮದುವೆಯ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಹುಡುಗ ನಮಾಝ್ ಮಾಡುತ್ತಾನೆಯೇ, ದುಶ್ಚಟಗಳಿವೆಯೇ, ತಾಯಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಸರದಿಯೇ ಬರುವುದಿಲ್ಲ. ಅದೇ ಹುಡುಗ ಸೌದಿಯಲ್ಲಿ ಟ್ರೈಲರ್ ಓಡಿಸುತ್ತಿದ್ದರೆ "ಗಲ್ಫ್‌ನಲ್ಲಿದ್ದಾನೆ" ಎಂಬ ಗೌರವದೊಂದಿಗೆ ಮಾತು ಮುಂದುವರಿಯುತ್ತದೆ. ಕೆಲಸ ಎರಡೂ ಕಡೆ ಒಂದೇ. ಹಾಗಾದರೆ ನಾವು ಗೌರವ ಕೊಡುತ್ತಿರುವುದು ಯಾವುದಕ್ಕೆ?

ಸಹೋದರಿಯರೇ, ಲಾರಿಯ ವಿಷಯವೆಂದ ಕೂಡಲೇ ಇದು ಗಂಡಸರಿಗೆ ಬರೆದದ್ದೆಂದು ಪುಟ ತಿರುಗಿಸಬೇಡಿ. ನಿಮ್ಮಲ್ಲಿ ಕೆಲವರು ಚಾಲಕರ ಪತ್ನಿಯರು, ಕೆಲವರು ತಾಯಂದಿರು. ಇನ್ನು ಕೆಲವರು ಲಾರಿಯ ಮಾಲಕಿಯರು. ಹೌದು, ಮಾಲಕಿಯರು. ಲಾರಿಯನ್ನು ಹೆಂಡತಿಯ ಹೆಸರಿನಲ್ಲಿ ಖರೀದಿಸುವುದು, ಮುಂಗಡಕ್ಕೆ ಅವಳ ಚಿನ್ನ ಮಾರುವುದು ನಮ್ಮಲ್ಲಿ ಹೊಸತೇನೂ ಅಲ್ಲ. ಲಾರಿಯ ಮುಂಭಾಗದಲ್ಲಿ ಮಗಳ ಹೆಸರು, ಆರ್‌ಸಿಯಲ್ಲಿ ಹೆಂಡತಿಯ ಹೆಸರು. ಆದರೆ ಆ ಲಾರಿಯನ್ನು ಓಡಿಸುವವನಿಗೆ ಎಷ್ಟು ಕೊಡಲಾಗುತ್ತಿದೆ, ಯಾವಾಗ ಕೊಡಲಾಗುತ್ತಿದೆ ಎಂದು ಆಕೆಗೆ ಗೊತ್ತೇ ಇರುವುದಿಲ್ಲ. ಲಾರಿಯ ಒಡೆತನ ಹೆಸರಿಗೆ ಮಾತ್ರ ಎಂದು ಇಲ್ಲಿ ಹೇಳಿ ತಪ್ಪಿಸಿಕೊಳ್ಳಬಹುದು. ನಾಳೆ ವಿಚಾರಣೆಯ ದಿನ ಹಾಗೆ ಹೇಳಲು ಸಾಧ್ಯವೇ ಎಂದು ಯೋಚಿಸಬೇಕಾಗಿದೆ.

ಟ್ರಿಪ್ಪಿನ ಲೆಕ್ಕ

ಮೊದಲು ಕೂಲಿಯ ವಿಷಯ. ದೊಡ್ಡ ಕಂಪೆನಿಗಳನ್ನು ಬಿಟ್ಟರೆ, ಒಂದೆರಡು ಲಾರಿ ಇಟ್ಟುಕೊಂಡವರ ಬಳಿ ದುಡಿಯುವ ಚಾಲಕನಿಗೆ ನಿಶ್ಚಿತ ತಿಂಗಳ ಸಂಬಳ ಹೆಚ್ಚಾಗಿ ಇರುವುದಿಲ್ಲ. ಇದ್ದರೂ ಸಣ್ಣದು. ಉಳಿದದ್ದೆಲ್ಲ ಟ್ರಿಪ್ಪಿನ ಮೇಲೆ. ಟ್ರಿಪ್ಪಿಗೆ ಇಷ್ಟು ಬತ್ತಾ ಎಂದೋ, ಬಾಡಿಗೆಯಲ್ಲಿ ನೂರಕ್ಕೆ ಇಷ್ಟು ಎಂದೋ ಬಾಯಿಮಾತಿನಲ್ಲಿ ಒಪ್ಪಂದವಾಗಿರುತ್ತದೆ. ಹೊರಡುವಾಗ ಕೈಗೆ ಒಂದಿಷ್ಟು ಖರ್ಚಿನ ಹಣ ಬರುತ್ತದೆ. ಅದರಲ್ಲಿ ಊಟ, ಹಮಾಲರ ಖರ್ಚು, ಟಾರ್ಪಾಲಿನ ಹಗ್ಗ, ಪಂಕ್ಚರ್, ದಾರಿಯಲ್ಲಿ ಕೈಚಾಚುವವರ ಮಾಮೂಲು ಎಲ್ಲವೂ ಆಗಬೇಕು. ಮರಳಿ ಬಂದ ಮೇಲೆ ಲೆಕ್ಕ ಒಪ್ಪಿಸಬೇಕು. ಮಾಮೂಲಿಗೆ ರಶೀದಿ ಎಲ್ಲಿಂದ ತರುವುದು? ರಶೀದಿ ಇಲ್ಲದ್ದನ್ನು ಅವನ ಲೆಕ್ಕಕ್ಕೇ ಬರೆಯುವ ಮಾಲಕರಿದ್ದಾರೆ.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಒಂದು ರಾತ್ರಿಯ ದಾರಿ ಎಂದು ನಮಗೆ ಅನಿಸುತ್ತದೆ. ಆದರೆ ಹಗಲಿನ ಹೊತ್ತು ಬೆಂಗಳೂರಿನ ಒಳಗೆ ಭಾರೀ ಲಾರಿಗಳಿಗೆ ಪ್ರವೇಶವಿಲ್ಲ. ಬೆಳಿಗ್ಗೆ ತಲುಪಿದವನು ನೆಲಮಂಗಲದ ಆಸುಪಾಸಿನಲ್ಲಿ ಎಲ್ಲೋ ರಸ್ತೆ ಬದಿಗೆ ನಿಂತು ರಾತ್ರಿಯಾಗುವುದನ್ನು ಕಾಯಬೇಕು. ಮಾಲು ಇಳಿಸಲು ಗೋದಾಮಿನ ಎದುರು ಸರತಿ. ಇಳಿಸಿದ ಮೇಲೆ ಮರಳುವ ಲೋಡಿಗಾಗಿ ಟ್ರಾನ್ಸ್‌ಪೋರ್ಟ್ ಆಫೀಸಿನ ಎದುರು ಇನ್ನೊಂದು ದಿನ, ಕೆಲವೊಮ್ಮೆ ಎರಡು ದಿನ. ಟ್ರಿಪ್ಪಿಗೆ 2,000 ರೂಪಾಯಿ ಎಂದು ಇಟ್ಟುಕೊಳ್ಳಿ. ಇದು ಲೆಕ್ಕ ತಿಳಿಯಲೆಂದು ನಾನು ಇಟ್ಟ ಮೊತ್ತ. ಎರಡು ದಿನದಲ್ಲಿ ಮುಗಿದರೆ ದಿನಕ್ಕೆ 1,000 ಬಂತು. ನಾಲ್ಕು ದಿನವಾದರೆ 500. ಅದರಲ್ಲೇ ಅವನ ಹೊರಗಿನ ಊಟ, ಸ್ನಾನ, ಚಹಾ. ಗಾರೆ ಕೆಲಸದ ಸಹಾಯಕನಾದರೂ ಸಂಜೆ ಮನೆಗೆ ಬಂದು ಮಕ್ಕಳ ಮುಖ ನೋಡುತ್ತಾನೆ.

2018ರ ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ಭಾರೀ ವಾಹನಗಳಿಗೆ ತಿಂಗಳುಗಟ್ಟಲೆ ಮುಚ್ಚಿದ್ದು ನಿಮಗೆ ನೆನಪಿರಬಹುದು. ಲಾರಿಗಳು ಸುತ್ತುದಾರಿ ಹಿಡಿದವು. ದಾರಿ ಉದ್ದವಾಯಿತು, ದಿನ ಹೆಚ್ಚಾಯಿತು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಇಂತಹ ಸಮಯದಲ್ಲಿ ದಿನ ಹೆಚ್ಚಾದಷ್ಟೂ ದಿನಗೂಲಿ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. "ಈ ಲಾರಿಯವರು ಯಮದೂತರ ಹಾಗೆ ಓಡಿಸುತ್ತಾರೆ" ಎಂದು ನಾವು ಕಾರಿನಲ್ಲಿ ಕುಳಿತು ಬೈಯುತ್ತೇವೆ. ಆ ವೇಗಕ್ಕೆ ಕಾರಣ ಹೆಚ್ಚಾಗಿ ಈ ಕೂಲಿಯ ಪದ್ಧತಿಯಲ್ಲೇ ಇದೆ. ಓಡಿದರೆ ಮಾತ್ರ ಹಣ ಎಂದಾದ ಮೇಲೆ ಅವನು ನಿಲ್ಲುವುದಾದರೂ ಹೇಗೆ? ನಿದ್ದೆಯ ಗಂಟೆಗಳಿಗೆ ಕೂಲಿ ಇಲ್ಲ. ಹಾಗಾಗಿ ಅವನು ನಿದ್ದೆ ಮಾಡುವುದಿಲ್ಲ. ಮುಖಕ್ಕೆ ನೀರು ಹಾಕಿಕೊಂಡು, ಗುಟ್ಕಾ ಜಗಿಯುತ್ತಾ, ಮುಂಜಾವದ ಮೂರು ಗಂಟೆಗೆ ಘಾಟಿ ಇಳಿಯುತ್ತಾನೆ. ಎದುರಿನಿಂದ ಬರುವ ಬಸ್ಸಿನಲ್ಲಿ ನಮ್ಮ ಮಕ್ಕಳೇ ಇರಬಹುದು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಲ್ಲವೂ ಲಾರಿಯಿಂದ ಆದ ಸಾವುಗಳಲ್ಲ, ಎಲ್ಲವೂ ನಿದ್ದೆಗೇಡಿನಿಂದ ಆದವೂ ಅಲ್ಲ. ಆದರೆ 2020ರಲ್ಲಿ ಸೇವ್‌ಲೈಫ್ ಫೌಂಡೇಶನ್ ಹತ್ತು ನಗರಗಳಲ್ಲಿ ಲಾರಿ ಚಾಲಕರನ್ನು ವಿಚಾರಿಸಿದಾಗ ಸುಮಾರು ಅರ್ಧದಷ್ಟು ಮಂದಿ, ದಣಿವಾದರೂ ನಿದ್ದೆ ಬಂದರೂ ಓಡಿಸುತ್ತೇವೆ ಎಂದು ಒಪ್ಪಿಕೊಂಡಿದ್ದರು. ಅದೇ ಅಧ್ಯಯನದಲ್ಲಿ 84 ಶೇಕಡಾ ಚಾಲಕರು, ನಮ್ಮ ಮನೆಯವರಾಗಲಿ ನೆಂಟರಾಗಲಿ ಈ ಕೆಲಸಕ್ಕೆ ಬರುವುದು ಬೇಡ ಎಂದರು. ನಾವು ಹೆಣ್ಣು ಕೊಡಲು ಒಪ್ಪದ ಕೆಲಸಕ್ಕೆ ಅವರೇ ತಮ್ಮ ಮಗನನ್ನು ಕಳುಹಿಸಲು ಒಪ್ಪುತ್ತಿಲ್ಲ!

ಫಿಕ್‌ಹ್ ಏನು ಹೇಳುತ್ತದೆ?

ಕಾರ್ಮಿಕನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಮಸೀದಿಯ ಕ್ಯಾಲೆಂಡರಿನಲ್ಲೂ ಅಚ್ಚು ಹಾಕುತ್ತೇವೆ. ಅದಕ್ಕಿಂತ ಗಂಭೀರವಾದ ಇನ್ನೊಂದು ಹದೀಸ್ ಬುಖಾರಿಯಲ್ಲಿದೆ. ಅಂತಿಮ ದಿನದಂದು ಮೂರು ಮಂದಿಯ ವಿರುದ್ಧ ಸ್ವತಃ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುತ್ತಾನೆ. ಅವರಲ್ಲಿ ಒಬ್ಬನು, ಆಳನ್ನು ಪೂರ್ತಿಯಾಗಿ ದುಡಿಸಿಕೊಂಡು ಕೂಲಿ ಕೊಡದೆ ಹೋದವನು. ಆ ನ್ಯಾಯಾಲಯದಲ್ಲಿ ಎದುರಿನ ವಕೀಲ ಯಾರೆಂದು ತಿಳಿದ ಮೇಲೂ "ಈ ಸಲ ಬಾಡಿಗೆ ಬಂದಿಲ್ಲ, ಮುಂದಿನ ಟ್ರಿಪ್ಪಿಗೆ ನೋಡೋಣ" ಎಂದು ಹೇಳುವ ಧೈರ್ಯ ನಮಗೆ ಎಲ್ಲಿಂದ ಬರುತ್ತದೆ?

ಕೂಲಿ ಎಷ್ಟೆಂದು ಮೊದಲೇ ಸ್ಪಷ್ಟವಾಗಿರಬೇಕು ಎಂಬುದು ಇಜಾರದ, ಅಂದರೆ ಬಾಡಿಗೆ ಮತ್ತು ಕೂಲಿ ವ್ಯವಹಾರದ ಮೊದಲ ಪಾಠ. ಬಾಡಿಗೆಯಲ್ಲಿ ನೂರಕ್ಕೆ ಇಷ್ಟು ಎಂಬ ಕೂಲಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಅದನ್ನು ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿ. ಆದರೆ ಲಾರಿ ನಿಂತ ದಿನಕ್ಕೆ ಏನು, ಲೋಡ್ ಸಿಗದೆ ಖಾಲಿ ಬಂದರೆ ಏನು ಎಂದು ಮಾತೇ ಆಡದೆ ಕೊನೆಗೆ ಚಾಲಕನ ತಲೆಗೆ ಕಟ್ಟುವುದನ್ನು ಯಾವ ಮದ್‌ಹಬ್ ಒಪ್ಪುತ್ತದೆ?

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಒಬ್ಬ ಮಾಲಕನ ಬಳಿ ಸಮಯ ಕೊಟ್ಟು ದುಡಿಯುವವನನ್ನು ಫಿಕ್‌ಹ್‌ನಲ್ಲಿ 'ಅಜೀರ್ ಖಾಸ್' ಎನ್ನುತ್ತಾರೆ. ಅವನ ಕೈಯಲ್ಲಿರುವ ವಸ್ತು ಅವನ ಬಳಿ ಇರುವ ಅಮಾನತ್ತು. ಅವನು ಬೇಜವಾಬ್ದಾರಿ ತೋರಿಸಿದ್ದರೆ, ಹೇಳಿದ್ದನ್ನು ಮೀರಿದ್ದರೆ ಮಾತ್ರ ನಷ್ಟಕ್ಕೆ ಅವನು ಹೊಣೆ. ಸವೆದ ಟಯರು ಒಡೆದರೆ, ಹಳೆಯ ಬ್ರೇಕು ಕೈಕೊಟ್ಟರೆ, ಮಳೆಗೆ ಹರಿದ ಟಾರ್ಪಾಲಿನಿಂದ ಸಿಮೆಂಟು ನೆನೆದರೆ ಅದನ್ನು ಅವನ ಕೂಲಿಯಿಂದ ಮುರಿಯಲು ಮಾಲಕನಿಗೆ ಹಕ್ಕಿಲ್ಲ. ಟಯರು ಬದಲಿಸಬೇಕಾದದ್ದು ಮಾಲಕ. ಹೆಚ್ಚು ಭಾರ ಹೇರಿಸಿದ್ದೂ ಮಾಲಕನೇ ಆಗಿದ್ದರೆ ಅದಕ್ಕೆ ಬಿದ್ದ ದಂಡವೂ ಅವನದೇ.

ರಮಝಾನಿನಲ್ಲಿ ಹೆದ್ದಾರಿಯ ಬದಿ ನಿಂತು ಲಾರಿಯವರಿಗೆ ಖರ್ಜೂರ, ನೀರು, ಇಫ್ತಾರಿನ ಪೊಟ್ಟಣ ಕೊಡುವ ನಮ್ಮ ಯುವಕರನ್ನು ನೋಡಿದರೆ ಮನಸ್ಸು ತುಂಬುತ್ತದೆ. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ಅದೇ ತಿಂಗಳಲ್ಲಿ ಕೆಲವರು ಇನ್ನೊಂದು ಕೆಲಸ ಮಾಡುತ್ತಾರೆ. ಚಾಲಕನ ಮೂರು ತಿಂಗಳ ಬಾಕಿ ಇಟ್ಟುಕೊಂಡು ಈದ್ ಬಂದಾಗ ಝಕಾತಿನ ಹಣದಲ್ಲಿ ಐದು ಸಾವಿರ ಅವನ ಕೈಗಿಟ್ಟು, ಬಾಕಿಯೂ ತೀರಿತು, ಝಕಾತೂ ಸಂದಿತು ಎಂದು ಭಾವಿಸುತ್ತಾರೆ. ಎರಡೂ ಆಗಲಿಲ್ಲ. ಕೂಲಿ ಅವನ ಹಕ್ಕು, ನಮ್ಮ ಮೇಲಿರುವ ಸಾಲ. ಝಕಾತಿನಿಂದ ನಮ್ಮ ಸಾಲ ತೀರಿಸಿಕೊಳ್ಳಲು ಬರುವುದಿಲ್ಲ. ಮೊದಲು ಬಾಕಿ ಕೊಡಿ. ಆಮೇಲೂ ಅವನು ಬಡವನೇ ಆಗಿ ಉಳಿದಿದ್ದರೆ ಝಕಾತಿಗೆ ಅವನು ಅರ್ಹನೇ ಎಂದು ವಿಚಾರಿಸಿ.

ಎಂಟು ಗಂಟೆಯ ಕಾನೂನು

ಕಾನೂನೇ ಇಲ್ಲವೇ ಎಂದರೆ ಇದೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ, ದೂರದ ದಾರಿಯಾದರೆ ಹೆಚ್ಚೆಂದರೆ ದಿನಕ್ಕೆ ಹತ್ತು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ವಿಶ್ರಾಂತಿ ಎಂದೆಲ್ಲ ಅದರಲ್ಲಿತ್ತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಈಗ ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಲಾಗಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಎಂಟು ಗಂಟೆಯ ಮಿತಿ ಅಲ್ಲೂ ಇದೆ. ಆದರೆ ಐದು ಕಾರ್ಮಿಕರು ಎಂದಿದ್ದದ್ದು ಈಗ ಹತ್ತಾಗಿದೆ. ಒಂದೆರಡು ಲಾರಿಯ ಮಾಲಕರ ಬಳಿ ದುಡಿಯುವವರು ಮೊದಲೂ ಹೊರಗಿದ್ದರು, ಈಗಲೂ ಹೊರಗೆ. ಸಂಬಳದ ವಿಷಯದಲ್ಲಿ ಮಾತ್ರ ವೇತನ ಸಂಹಿತೆ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲ ಮಾಲಕರಿಗೂ ಅನ್ವಯಿಸುತ್ತದೆ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು.

ಸರಕಾರದ ಕಾನೂನು ಮುಟ್ಟದ ಕಡೆಗೂ ಪ್ರವಾದಿ(ಸ)ರ ಉಪದೇಶ ಮುಟ್ಟುತ್ತದೆ. ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅವರ ಶಕ್ತಿ ಮೀರಿದ ಕೆಲಸ ಹೇರಬೇಡಿ, ಹೇರಿದರೆ ನೀವೂ ನೆರವಾಗಿ ಎಂಬರ್ಥದ ಹದೀಸ್ ಅಬೂದರ್ರ್(ರ)ರಿಂದ ವರದಿಯಾಗಿದೆ. ಇದನ್ನು ಲಾರಿಗೆ ಅನ್ವಯಿಸಿ ನೋಡಿ. ಮುಂಬೈಗೆ, ಚೆನ್ನೈಗೆ ಒಬ್ಬನನ್ನೇ ಕಳುಹಿಸಿ "ನಾಳೆ ರಾತ್ರಿಯೊಳಗೆ ಮುಟ್ಟಬೇಕು" ಎನ್ನುವುದು ಶಕ್ತಿ ಮೀರಿದ ಹೊರೆ. ನೆರವಾಗುವುದು ಎಂದರೆ ಎರಡನೆಯ ಚಾಲಕನನ್ನು ಕೊಡುವುದು. ಹಿಂದೆ ದೂರದ ಲಾರಿಗಳಲ್ಲಿ ಇಬ್ಬರು ಚಾಲಕರು, ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದರು. ಖರ್ಚು ಉಳಿಸಲು ಮೊದಲು ಎರಡನೆಯ ಚಾಲಕ ಹೋದ. ಈಗ ಹಲವು ಲಾರಿಗಳಲ್ಲಿ ಕ್ಲೀನರ್ ಕೂಡ ಇಲ್ಲ. ರಾತ್ರಿ ಹಿಂದಕ್ಕೆ ತೆಗೆಯುವಾಗ "ಬರಲಿ, ಬರಲಿ" ಎಂದು ಹೇಳಲೂ ಯಾರೂ ಇಲ್ಲ.

ಮಾಲಕರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಒಂದೇ ಲಾರಿ ಇರುವವನು ದೊಡ್ಡ ಶ್ರೀಮಂತನೇನಲ್ಲ. ಬಾಡಿಗೆ ನಿಗದಿ ಮಾಡುವವನು ಬ್ರೋಕರ್. ಡೀಸೆಲು, ಟೋಲು, ಟಯರು, ವಿಮೆ, ಫೈನಾನ್ಸ್‌ನ ಕಂತು ಯಾವುದೂ ಅವನಿಗಾಗಿ ಕಾಯುವುದಿಲ್ಲ. ಬಳ್ಳಾರಿಯ ಅದಿರು ಬಂದರುಗಳಿಗೆ ಹರಿಯುತ್ತಿದ್ದ ಕಾಲದಲ್ಲಿ ನಮ್ಮವರು ಸಾಲ ಮಾಡಿ ಲಾರಿ ಕೊಂಡರು. 2010ರಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿತು. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ತಡೆಯಿತು. ಅಂಗಳದಲ್ಲಿ ನಿಂತ ಲಾರಿಗೆ ಕಂತು ಕಟ್ಟಲಾಗದೆ ಮನೆ ಮಾರಿದವರನ್ನು ನಾವು ಕಂಡಿದ್ದೇವೆ. ಅದರ ಮೇಲೆ ಬಡ್ಡಿಯ ಪಾಪದ ಭಾರ. ಇಷ್ಟಾದರೂ, ಬ್ರೋಕರ್‌ನ ಮುಂದೆ ಬಾಯಿ ಬಿಡದವನು, ಬ್ಯಾಂಕಿಗೆ ಒಂದು ದಿನ ತಡಮಾಡದವನು ಚಾಲಕನ ಪಾಲನ್ನು ಮಾತ್ರ ಯಾವಾಗಲೂ ಕೊನೆಗೆ ಇಡುವುದು ಸರಿಯೇ? ಚಾಲಕ ನೋಟೀಸು ಕಳುಹಿಸುವುದಿಲ್ಲ ಎಂಬ ಧೈರ್ಯ ಇದರ ಹಿಂದೆ ಇದೆ.

ನಿಲ್ಲಲು ಜಾಗವಿಲ್ಲ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿದ್ದ ಲಾರಿಗಳು ಮಣ್ಣಿನ ಮತ್ತು ಗಂಗಾವಳಿ ನದಿಯ ಪಾಲಾದವು. ಮರ ತುಂಬಿಕೊಂಡು ಊರಿಗೆ ಹೊರಟಿದ್ದ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಯುವ ಚಾಲಕನೊಬ್ಬ ಲಾರಿ ಸಮೇತ ಕಾಣೆಯಾದ. ಸೆಪ್ಟೆಂಬರ್ 25ರಂದು ನದಿಯಿಂದ ಲಾರಿ ಮೇಲೆತ್ತಿದಾಗ ಕ್ಯಾಬಿನ್ನಿನಲ್ಲಿ ಅವನ ಮೃತದೇಹ ಇತ್ತು. ಮಲಯಾಳಂ ಚಾನೆಲ್‌ಗಳಲ್ಲಿ ಹಗಲಿರುಳು ಅದೇ ಸುದ್ದಿ. ನಿಮ್ಮಲ್ಲೂ ಅನೇಕರು ಅವನ ಮನೆಯವರಿಗಾಗಿ ದುಆ ಮಾಡಿರಬಹುದು. ಮುಸ್ಲಿಮನಾಗಿದ್ದ ಆ ಲಾರಿಯ ಮಾಲಕ ತನ್ನ ಹಿಂದೂ ಚಾಲಕನಿಗಾಗಿ ದಿನಗಟ್ಟಲೆ ಆ ನದಿಯ ದಡದಲ್ಲಿ ಕಾದು ನಿಂತದ್ದನ್ನು ಜನ ಕಂಡರು.

ಹೆದ್ದಾರಿಗಾಗಿ ಗುಡ್ಡ ಕಡಿದ ರೀತಿಯ ಬಗ್ಗೆ ಆಗ ಬಹಳ ಚರ್ಚೆಯಾಯಿತು. ಆಗಬೇಕಾದದ್ದೇ. ಆದರೆ ರಾತ್ರಿಯಿಡೀ ಓಡಿಸಿ ದಣಿದ ಲಾರಿಯವನು ಈ ಹೆದ್ದಾರಿಯಲ್ಲಿ ಬೇರೆಲ್ಲಿ ನಿಲ್ಲಬೇಕಿತ್ತು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರಲಿಲ್ಲ. ಕಡಿದ ಗುಡ್ಡದ ಬುಡದಲ್ಲಿ, ಚಹಾದಂಗಡಿಯ ಎದುರಿನ ತುಸು ಅಗಲದ ಜಾಗವೇ ಅವರ ಮಲಗುವ ಕೋಣೆ. 2024ರ ಫೆಬ್ರವರಿಯಲ್ಲಿ ಪ್ರಧಾನಿಯವರು ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕೇಂದ್ರಗಳನ್ನು ಘೋಷಿಸಿದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಹಳೆಯ ಲಾರಿಗಳಿಗೆ ಆ ನಿಯಮವಿಲ್ಲ. ನಮ್ಮವರು ಓಡಿಸುವುದು ಹೆಚ್ಚಾಗಿ ಹಳೆಯ ಲಾರಿಗಳನ್ನೇ. ಎಂಜಿನ್ನಿನ ಬಿಸಿ ಕಾಲಿಗೆ ಬಡಿಯುವ ಆ ಕ್ಯಾಬಿನ್ನಿನಲ್ಲಿ ಮೇ ತಿಂಗಳ ಮಧ್ಯಾಹ್ನ ಒಂದು ಗಂಟೆ ಕುಳಿತು ನೋಡಿದರೆ ತಿಳಿಯುತ್ತದೆ.

ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಮಾಲಿಗೆ ಒಳಗೆ ಪ್ರವೇಶವಿದೆ, ಮಾಲು ತಂದವನಿಗೆ ಶೌಚಾಲಯ ಇಲ್ಲ. ಕಾವಲುಗಾರ ಏಕವಚನದಲ್ಲಿ ಕೂಗುತ್ತಾನೆ. ನಲುವತ್ತೈದು ದಾಟಿದ, ಮೂರು ಮಕ್ಕಳ ತಂದೆಯನ್ನು "ಏಯ್ ಲಾರಿ" ಎಂದು ಕರೆಯುತ್ತಾನೆ. ಮದ್ರಸದಲ್ಲಿ ಮಕ್ಕಳ ದಾಖಲಾತಿ ಬರೆಯುವಾಗ ನಾನು ಗಮನಿಸಿದ್ದೇನೆ. "ಗಲ್ಫ್", "ಅಂಗಡಿ" ಎಂದು ಮಕ್ಕಳು ಜೋರಾಗಿ ಹೇಳುತ್ತಾರೆ. ತಂದೆ ಲಾರಿಯಲ್ಲಿರುವ ಮಗು ಮೆಲ್ಲಗೆ ಹೇಳುತ್ತದೆ, ಕೆಲವೊಮ್ಮೆ "ಬಿಸಿನೆಸ್" ಎನ್ನುತ್ತದೆ. ಇದನ್ನು ಆ ಮಗುವಿಗೆ ಕಲಿಸಿದವರು ಯಾರು?

2024ರ ಜನವರಿ ಮೊದಲ ಎರಡು ದಿನ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದಾಗ ಪೆಟ್ರೋಲ್ ಪಂಪುಗಳ ಎದುರು ಸಾಲು ಬೆಳೆಯಿತು. ನಮಗೆ ನೆನಪಿರುವುದು ಆ ಸಾಲು ಮಾತ್ರ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ನಿನಂತೆ, ಅಜಾಗರೂಕತೆಯ ಚಾಲನೆಯಿಂದ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದವನಿಗೆ ಹತ್ತು ವರ್ಷದವರೆಗೆ ಜೈಲು. ಚಾಲಕರು ಹೇಳಿದ್ದು ಇಷ್ಟೇ: ನಿಂತರೆ ಜನ ಹೊಡೆದು ಸಾಯಿಸುತ್ತಾರೆ, ಓಡಿದರೆ ಜೈಲು. ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಆ ಸೆಕ್ಷನ್ನನ್ನು ಮಾತ್ರ ತಡೆಹಿಡಿಯಲಾಯಿತು. ಗಾಯಾಳುವನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದು ದೊಡ್ಡ ಪಾಪ, ಅದರಲ್ಲಿ ಎರಡು ಮಾತಿಲ್ಲ. ಹೊಡೆತದ ಭಯವಿರುವ ಕಡೆ ಚಾಲಕನು ಹತ್ತಿರದ ಠಾಣೆಗೆ ಹೋಗಲಿ, 112ಕ್ಕೆ ಕರೆ ಮಾಡಲಿ. ಆದರೆ ದೊಡ್ಡ ವಾಹನ ಮತ್ತು ಸಣ್ಣ ವಾಹನ ಢಿಕ್ಕಿಯಾದಾಗ ತಪ್ಪು ಯಾರದೆಂದು ನೋಡದೆ ಲಾರಿಯವನ ಕಾಲರ್ ಹಿಡಿಯುವ ಗುಂಪಿನಲ್ಲಿ ನಮ್ಮ ಮನೆಯ ಮಕ್ಕಳೂ ಇರುತ್ತಾರೆ. ತಾಯಂದಿರು ಅವರಿಗೆ ಒಂದು ಮಾತು ಹೇಳಬಾರದೇ?

ಹೆದ್ದಾರಿಯ ಬದಿಯಲ್ಲಿ ನಮ್ಮ ಮಸೀದಿಗಳು ಎಷ್ಟಿವೆ! ಹಿಂದಿನವರು ಮಸೀದಿಯ ಪಕ್ಕ ಮುಸಾಫಿರ್‌ಖಾನೆ ಕಟ್ಟಿಸುತ್ತಿದ್ದರು. ಈಗ ಇಶಾ ನಮಾಝ್ ಮುಗಿದೊಡನೆ ಗೇಟು, ಶೌಚಾಲಯ ಎರಡಕ್ಕೂ ಬೀಗ. ಕಳ್ಳತನದ ಭಯ ಇರಬಹುದು. ಹೊರಗೆ ಒಂದು ನಳ್ಳಿ, ಒಂದು ಶೌಚಾಲಯ, ಒಂದು ದೀಪ ಇಡಲು ಏನು ತೊಂದರೆ? ದಾರಿಯಲ್ಲಿ ತನ್ನ ಬಳಿ ಮಿಕ್ಕಿದ ನೀರಿದ್ದೂ ಪ್ರಯಾಣಿಕನಿಗೆ ಕೊಡದವನನ್ನು ಅಂತಿಮ ದಿನ ಅಲ್ಲಾಹನು ನೋಡುವುದೂ ಇಲ್ಲ ಎಂಬ ಎಚ್ಚರಿಕೆ ಬುಖಾರಿಯಲ್ಲಿದೆ. ಜಮಾಅತ್ತಿನ ಸಭೆಗೆ ಹೋಗುವ ನಿಮ್ಮ ಮನೆಯವರಲ್ಲಿ ಈ ವಿಷಯ ಎತ್ತಲು ಹೇಳಿ. ಇನ್ನೊಂದನ್ನೂ ನೆನಪಿಡಿ. ಅನ್ಯಾಯಕ್ಕೊಳಗಾದವನ ಪ್ರಾರ್ಥನೆ, ಪ್ರಯಾಣಿಕನ ಪ್ರಾರ್ಥನೆ, ತಂದೆಯ ಪ್ರಾರ್ಥನೆ ತಿರಸ್ಕೃತವಾಗುವುದಿಲ್ಲ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕೂಲಿ ಬಾಕಿ ಇರುವ ಲಾರಿ ಚಾಲಕನಲ್ಲಿ ಹೆಚ್ಚಾಗಿ ಈ ಮೂರೂ ಒಟ್ಟಿಗೇ ಇರುತ್ತವೆ.

ಮದ್ಯನ್‌ನ ಹುಡುಗಿ

ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ವೃತ್ತಾಂತ ಓದಿರುತ್ತೀರಿ. ಈಜಿಪ್ಟಿನಿಂದ ತಲೆಮರೆಸಿಕೊಂಡು ಮದ್ಯನ್ ತಲುಪಿದ ಅವರಿಗೆ ಮನೆಯಿಲ್ಲ, ಕೆಲಸವಿಲ್ಲ. ಬಾವಿಯ ಬಳಿ ಕುರುಬರ ನೂಕುನುಗ್ಗಲು. ತಮ್ಮ ಜಾನುವಾರುಗಳನ್ನು ತಡೆದು ದೂರ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಅವರು ನೀರು ಸೇದಿ ಕೊಟ್ಟು, ಏನನ್ನೂ ಕೇಳದೆ ನೆರಳಿಗೆ ಹೋಗಿ ಕುಳಿತರು. ಸ್ವಲ್ಪ ಹೊತ್ತಿನಲ್ಲಿ ಅವರಲ್ಲೊಬ್ಬಳು ನಾಚುತ್ತಾ ಬಂದು, ನೀರು ಸೇದಿಕೊಟ್ಟದ್ದಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎಂದಳು. ಗಮನಿಸಿ. ಕೂಲಿ ಕೇಳದವನಿಗೂ ಆ ಮನೆ ಅಂದೇ, ಕರೆಸಿ, ಕೂಲಿ ಕೊಟ್ಟಿತು.

ನಂತರ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸೂಚಿಸಿದವಳೂ ಆ ಮಗಳೇ. ಶಕ್ತ, ಪ್ರಾಮಾಣಿಕ ಎಂಬ ಎರಡೇ ಅರ್ಹತೆಗಳನ್ನು ಅವಳು ಹೇಳಿದಳು. ವೃದ್ಧ ತಂದೆ ಎಂಟು ವರ್ಷದ ದುಡಿಮೆಯ ಕರಾರು ಮುಂದಿಟ್ಟರು. ಹತ್ತು ಪೂರ್ತಿ ಮಾಡಿದರೆ ಅದು ನಿನ್ನ ಇಷ್ಟ, ನಿನ್ನನ್ನು ಕಷ್ಟಕ್ಕೆ ಗುರಿಪಡಿಸಲು ನನಗೆ ಮನಸ್ಸಿಲ್ಲ ಎಂದರು. ಅವಧಿ ಸ್ಪಷ್ಟ, ಹೊರೆ ಸ್ಪಷ್ಟ. ಮತ್ತು ಅದೇ ಆಳಿಗೆ, ಊರು ಕೇರಿ ಇಲ್ಲದ ಪರದೇಶಿಗೆ ತಮ್ಮ ಮಗಳನ್ನೇ ಮದುವೆ ಮಾಡಿಕೊಟ್ಟರು. (ಆ ತಂದೆ ಪ್ರವಾದಿ ಶುಐಬ್(ಅ) ಎಂದು ಪ್ರಸಿದ್ಧವಾಗಿದ್ದರೂ ಕುರ್‌ಆನ್ ಅವರ ಹೆಸರು ಹೇಳಿಲ್ಲ, ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ.) ಡ್ರೈವರ್ ಎಂಬ ಒಂದೇ ಕಾರಣಕ್ಕೆ ಸಂಬಂಧ ಬೇಡವೆನ್ನುವ ಮನೆಯವರು ಈ ಆಯತುಗಳನ್ನು ಇನ್ನೊಮ್ಮೆ ಓದಲಿ. ಮಗಳು ತಿಂಗಳುಗಟ್ಟಲೆ ಒಂಟಿಯಾಗಿರಬೇಕು, ಆದಾಯ ಖಚಿತವಿಲ್ಲ ಎಂಬ ಆತಂಕ ಸುಳ್ಳಲ್ಲ. ಅದನ್ನು ಬಾಯಿಬಿಟ್ಟು ಹೇಳಿ, ಹುಡುಗನಲ್ಲಿ ವಿಚಾರಿಸಿ. ಕೆಲಸವನ್ನೇ ಕೀಳು ಎಂದು ಮಾತ್ರ ಹೇಳಬೇಡಿ.

ಆರ್‌ಸಿಯಲ್ಲಿ ಹೆಸರಿರುವ ಸಹೋದರಿಯರು ಈ ತಿಂಗಳೇ ಮನೆಯವರಲ್ಲಿ ಕೇಳಬಹುದಾದದ್ದು ಇದೆ. ನಮ್ಮ ಚಾಲಕನಿಗೆ ಬಾಕಿ ಎಷ್ಟಿದೆ? ಲಾರಿ ನಿಂತ ದಿನಕ್ಕೆ ಏನು ಕೊಡುತ್ತೇವೆ? ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿದ್ದೇವೆಯೇ?

ಬರೆಯುವುದು ಏಕೆ ಮುಖ್ಯ ಎಂಬುದನ್ನು ಚಾಲಕರ ಪತ್ನಿಯರೂ ತಿಳಿದಿರಬೇಕು. ಕೆಲಸದ ನಡುವೆ ಅಪಘಾತದಲ್ಲಿ ಚಾಲಕನಾಗಲಿ ಕ್ಲೀನರ್ ಆಗಲಿ ಸತ್ತರೆ ಅವನ ಕುಟುಂಬಕ್ಕೆ ಪರಿಹಾರ ಕೊಡುವುದು ಮಾಲಕನ ಹೊಣೆ. ಅಪಘಾತ ಚಾಲಕನ ತಪ್ಪಿನಿಂದಲೇ ಆಗಿದ್ದರೂ ಸಾವಿನ ಪ್ರಕರಣದಲ್ಲಿ ಈ ಹಕ್ಕು ಹೋಗುವುದಿಲ್ಲ. ಹಿಂದೆ 1923ರ ಕಾಯ್ದೆಯಲ್ಲಿದ್ದ ಈ ನಿಯಮ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಲಾರಿಯ ವಿಮೆಯಲ್ಲಿ ಸಾಮಾನ್ಯವಾಗಿ ಈ ಹೊಣೆಯೂ ಸೇರಿರುತ್ತದೆ. ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕಂತೆ ನಿಗದಿಯಾದ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 35 ವರ್ಷದವನಿಗೆ ಆ ಸಂಖ್ಯೆ 197.06. ಸಂಬಳ 15,000 ಎಂದು ದಾಖಲೆ ಇದ್ದರೆ 7,500ನ್ನು ಗುಣಿಸಿ 14,77,950 ರೂಪಾಯಿ. ಕಾಗದದಲ್ಲಿ 8,000 ಎಂದು ಮಾತ್ರ ಇದ್ದರೆ 7,88,240. ಬತ್ತಾ, ಕಮಿಷನ್ ಎಂದು ಕೈಯಿಂದ ಕೈಗೆ ದಾಟಿ ಎಲ್ಲೂ ಬರೆಯದೆ ಉಳಿದ ಹಣದಿಂದ ವಿಧವೆ ಮತ್ತು ಯತೀಮ್ ಮಕ್ಕಳು ಕಳೆದುಕೊಳ್ಳುವುದು ಸುಮಾರು ಏಳು ಲಕ್ಷ.

ಆದ್ದರಿಂದ ಗಂಡ ಮುಂದಿನ ಟ್ರಿಪ್ಪಿಗೆ ಹೊರಡುವ ಮೊದಲು ಅವನ ಲೈಸೆನ್ಸ್, ಲಾರಿಯ ಆರ್‌ಸಿ, ವಿಮೆಯ ಪಾಲಿಸಿ ಇವುಗಳ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ. ಮಾಲಕನ ಪೂರ್ಣ ಹೆಸರು, ವಿಳಾಸ ಬರೆದಿಡಿ. ಅನೇಕ ಮನೆಗಳಲ್ಲಿ "ಸಾಹುಕಾರ್" ಎಂದಷ್ಟೇ ಗೊತ್ತಿರುತ್ತದೆ. ಬತ್ತಾ ಆಗಲಿ ಸಂಬಳವಾಗಲಿ ಸಾಧ್ಯವಾದಷ್ಟು ಬ್ಯಾಂಕ್ ಖಾತೆಗೇ ಹಾಕಲು ಕೇಳಿಕೊಳ್ಳಿ. ಆಧಾರ್ ಮತ್ತು ಮೊಬೈಲ್ ಇದ್ದರೆ ಇ-ಶ್ರಮ್ ನೋಂದಣಿ ಹತ್ತಿರದ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗೆ ನಮ್ಮ ರಾಜ್ಯದಲ್ಲಿ ಪ್ರತ್ಯೇಕ ಅಪಘಾತ ಪರಿಹಾರ ಯೋಜನೆಯಿದೆ, 2024ರಲ್ಲಿ ಸಾರಿಗೆ ಕಾರ್ಮಿಕರ ಕಲ್ಯಾಣಕ್ಕೆಂದೇ ಒಂದು ಕಾಯ್ದೆಯೂ ಬಂದಿದೆ. ತಾಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಇವೆರಡರ ಬಗ್ಗೆ ಕೇಳಿ. ಅವನಿಗೆ ಹೋಗಲು ಬಿಡುವಿಲ್ಲದಿದ್ದರೆ ನೀವೇ ಹೋಗಿ ಏನೇನು ಕಾಗದ ಬೇಕೆಂದು ವಿಚಾರಿಸಿ ಬನ್ನಿ.